ಆಮ್ಹರ್ಸ್ಟ್‌ನಲ್ಲಿ 3 ಇಂಚು, ಆರ್ಚರ್ಡ್ ಪಾರ್ಕ್‌ನಲ್ಲಿ 27: ಅಳತೆ ತಪ್ಪೋ, ಗಾಳಿಯ ಆಟವೋ? (ಜೊತೆಗೆ ರಾತ್ರಿ ಆಕಾಶದ ಫೋಟೊ)

ಆಮ್ಹರ್ಸ್ಟ್ ಮಾಣಿ:

ನ್ಯೂಯಾರ್ಕ್ ರಾಜ್ಯದ ಬಫಲೋ ನಗರದ ಸುತ್ತಮುತ್ತ ಇರುವವರಿಗೆ ಎರಡು ಪ್ರಶ್ನೆ.

ಒಂದು. ಈ ವಾರದ ಲೇಕ್ ಎಫೆಕ್ಟ್ ಸ್ನೋ (ಸರೋವರದ ಮೇಲಿಂದ ಬರುವ ತಣ್ಣನೆ ಗಾಳಿ ಸುರಿಸುವ ಸ್ನೋ) ಲೆಕ್ಕ ತಾಳೆಯಾಗುತ್ತಿಲ್ಲ. ಬಫಲೋದ ಉತ್ತರಕ್ಕಿರುವ ಆಮ್ಹರ್ಸ್ಟ್‌ನಲ್ಲಿ ನನ್ನದು 3.2 ಇಂಚು. ದಕ್ಷಿಣದ ಆರ್ಚರ್ಡ್ ಪಾರ್ಕ್‌ನಲ್ಲಿ ಒಬ್ಬರದು 27, ಅದೇ ಊರಲ್ಲಿ ಎರಡು ರಸ್ತೆ ಆಚೆ ಇರುವವರದು 19. ನಾನು ಮನೆಯ ಡೆಕ್ ಮೇಲೆ ಸ್ಕೇಲ್ ನೆಟ್ಟು ಬೆಳಿಗ್ಗೆ, ಸಂಜೆ ನೋಡುತ್ತೇನೆ. 27 ಹೇಳಿದವರು ಗಂಟೆಗೊಮ್ಮೆ ಹಲಗೆ ಒರೆಸಿ ಕೂಡಿಸಿದ್ದಾರೆ. 19ರವರು ಬೆಳಿಗ್ಗೆ ಒಂದೇ ಸಲ. ಯಾವುದನ್ನು ನಂಬಬೇಕು?

ಎರಡು. ಸ್ನೋ ನಿಂತ ರಾತ್ರಿ ಆಕಾಶ ತೊಳೆದಿಟ್ಟ ಹಾಗಿರುತ್ತದೆ, ಆದರೆ ಫೋಟೊ ಕೈಕೊಡುತ್ತದೆ. ಫುಲ್ ಫ್ರೇಮ್ ಕ್ಯಾಮೆರಾ, 14 ಮತ್ತು 24 ಮಿ.ಮೀ. ಲೆನ್ಸ್, ಎರಡೂ ಎಫ್ 2.8. ಅರ್ಧ ಗಂಟೆಯಲ್ಲಿ ಲೆನ್ಸ್ ಮೇಲೆ ಮಂಜುಪೊರೆ. ಫೋಕಸ್ ಇನ್ಫಿನಿಟಿಗೆ ಇಟ್ಟರೂ ನಕ್ಷತ್ರಗಳು ಉಬ್ಬಿದಂತೆ ಬರುತ್ತವೆ. ಬೇಸಿಗೆಗಿಂತ ಆಕಾಶ ಹೆಚ್ಚು ಬೆಳಗಾಗಿಯೂ ಕಾಣುತ್ತದೆ, ಯಾಕೆ?

ಇಂಚುಪಟ್ಟಿ:

ಅಳತೆಯ ಬಗ್ಗೆ ಮಾತ್ರ ಹೇಳುತ್ತೇನೆ, ಗಾಳಿ ವಿಷಯ ಬಲ್ಲವರು ಬರುತ್ತಾರೆ.

ಎರಡು ರಸ್ತೆಯ ನಡುವಿನ ಆ 8 ಇಂಚಿನಲ್ಲಿ ಬಹುಪಾಲು ಅಳೆದ ರೀತಿಯಿಂದ ಬಂದದ್ದು. ಹೊಸ ಸ್ನೋ ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ. ಸರೋವರದ ಸ್ನೋ ಅಂತೂ ಮುಕ್ಕಾಲಕ್ಕಿಂತ ಹೆಚ್ಚು ಬರೀ ಗಾಳಿ, ಮೊದಲ ಕೆಲವು ಗಂಟೆಗಳಲ್ಲೇ ಚೆನ್ನಾಗಿ ಇಳಿಯುತ್ತದೆ. ಗಂಟೆಗೊಮ್ಮೆ ಒರೆಸಿದರೆ ಆ ಕುಸಿತ ಲೆಕ್ಕಕ್ಕೇ ಸೇರುವುದಿಲ್ಲ, ಮೊತ್ತ ಉಬ್ಬುತ್ತದೆ. ದಿನಕ್ಕೊಮ್ಮೆ ಅಳೆದರೆ ಪೂರ್ತಿ ಕುಸಿದ ಮೇಲಿನ ಅಳತೆ ಸಿಗುತ್ತದೆ. ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆಯ ನಿಯಮದಲ್ಲಿ 24 ಗಂಟೆಗೆ ಹೆಚ್ಚೆಂದರೆ ನಾಲ್ಕು ಅಳತೆ, ಅಂದರೆ 6 ಗಂಟೆಗೊಮ್ಮೆ. ಇದು ಬರೀ ಮಡಿವಂತಿಕೆ ಅಂದುಕೊಳ್ಳಬೇಡಿ. 1997ರ ಜನವರಿಯಲ್ಲಿ ಒಂಟಾರಿಯೊ ಸರೋವರದ ಪೂರ್ವಕ್ಕಿರುವ ಟಗ್ ಹಿಲ್ ಪ್ರಸ್ಥಭೂಮಿಯ ಮೇಲಿನ ಮಾಂಟೇಗ್‌ನಿಂದ 24 ಗಂಟೆಗೆ 77 ಇಂಚು ಅಂತ ವರದಿ ಬಂದಿತ್ತು. 1921ರಲ್ಲಿ ಕೊಲರಾಡೊದ ಸಿಲ್ವರ್ ಲೇಕ್‌ನಲ್ಲಿ ದಾಖಲಾದ 75.8 ಇಂಚನ್ನು ಅದು ಮುರಿಯಬೇಕಿತ್ತು. ನಾಲ್ಕರ ಬದಲು ಆರು ಅಳತೆ ಕೂಡಿಸಿದ್ದಾರೆಂದು ದಾಖಲೆಗೆ ಸೇರಿಸಲಿಲ್ಲ.

ಗಂಟೆಗೊಮ್ಮೆ ಅಳೆಯಲೇಬೇಕು ಅನ್ನುವವರು ಎರಡು ಹಲಗೆ ಇಡಲಿ. ಒಂದು ಗಂಟೆಯ ವೇಗ ನೋಡುವುದಕ್ಕೆ, ಇನ್ನೊಂದು 6 ಗಂಟೆಯ ಲೆಕ್ಕಕ್ಕೆ. ಮೊದಲನೆಯದರ ಅಂಕಿಗಳನ್ನು ಕೂಡಿಸಿ ಒಟ್ಟು ಹೇಳುವ ಹಾಗಿಲ್ಲ.

ಮಾಣಿಯವರೇ, ಡೆಕ್ ಬಿಡಿ. ಅದರ ಅಡಿಯಲ್ಲೂ ಗಾಳಿ ಆಡುತ್ತದೆ, ಮನೆಯ ಗೋಡೆ ಬಿಸಿ ಬಿಡುತ್ತದೆ, ಸೂರಿನಿಂದ ಸ್ನೋ ಜಾರಿ ಬೀಳುತ್ತದೆ. ಅರ್ಧ ಇಂಚು ದಪ್ಪದ ಪ್ಲೈವುಡ್ ತುಂಡು, 16ರಿಂದ 24 ಇಂಚು ಚೌಕ ಸಾಕು. ಎರಡು ಕೋಟ್ ಬಿಳಿ ಬಣ್ಣ ಹೊಡೆಯಿರಿ, ಗಾಢ ಬಣ್ಣವಾದರೆ ಹಗಲಲ್ಲಿ ಕಾದು ಕರಗಿಸುತ್ತದೆ. ಹುಲ್ಲಿನ ಮೇಲೆ ಸಮನಾಗಿ ಇಡಿ. ಮನೆ, ಮರ ಎಷ್ಟು ಎತ್ತರವೋ ಅದರ ಎರಡರಷ್ಟು ದೂರ ಇರಲಿ. ಪಕ್ಕದಲ್ಲೊಂದು ಬಾವುಟದ ಕಡ್ಡಿ ನೆಡಿ, ಇಲ್ಲದಿದ್ದರೆ ಎರಡಡಿ ಸ್ನೋ ಕೆಳಗೆ ಹಲಗೆ ಹುಡುಕುವುದೇ ಕೆಲಸವಾಗುತ್ತದೆ. ಸ್ಕೇಲ್ ಹಲಗೆ ಮುಟ್ಟುವವರೆಗೆ ನೆಟ್ಟಗೆ ಇಳಿಸಿ ಇಂಚಿನ ಹತ್ತನೇ ಒಂದು ಭಾಗದವರೆಗೆ ಓದಿ. ಒರೆಸಿದ ಮೇಲೆ ಹಲಗೆಯನ್ನು ಹಳೇ ಗುಂಡಿಯಲ್ಲಿ ಇಡಬೇಡಿ, ಸುತ್ತಲಿನ ಸ್ನೋ ಮಟ್ಟಕ್ಕೆ ತಂದು ಇಡಿ. ಗುಂಡಿಗೆ ಗಾಳಿ ಸ್ನೋ ತುಂಬುತ್ತದೆ.

ನಿಜವಾದ ಹೋಲಿಕೆ ಬೇಕಿದ್ದರೆ ಇಂಚು ಬಿಟ್ಟು ನೀರು ಅಳೆಯಿರಿ. ಮಳೆ, ಸ್ನೋ ಅಳೆಯುವ ಕೊಕೊರಾಸ್ ಜಾಲದ ಸ್ವಯಂಸೇವಕರು ಬಳಸುವ 4 ಇಂಚು ವ್ಯಾಸದ ಮಳೆಮಾಪಕದ ಒಳಕೊಳವೆ, ಆಲಿಕೆ ಎರಡನ್ನೂ ತೆಗೆಯಿರಿ. ಹೊರ ಸಿಲಿಂಡರನ್ನು ಬೋರಲು ಹಾಕಿ ಹಲಗೆಯ ಸ್ನೋ ಮೇಲೆ ಒತ್ತಿ, ಅಡಿಗೆ ದೋಸೆ ಮೊಗಚುವ ಕೈ ತೂರಿಸಿ ಎತ್ತಿ. ಒಳಕೊಳವೆಯಲ್ಲಿ ಅಳೆದ ಬಿಸಿನೀರು ಹಾಕಿ ಕರಗಿಸಿ, ಒಟ್ಟು ಅಳೆದು, ಹಾಕಿದ ನೀರನ್ನು ಕಳೆಯಿರಿ. 27 ಮತ್ತು 19, ಎರಡೂ ಮನೆಯಲ್ಲಿ ಸುಮಾರು 0.9 ಇಂಚು ನೀರು ಬಂದರೆ ಜಗಳವೇ ಇಲ್ಲ, ಬಿದ್ದದ್ದು ಒಂದೇ. ಗಾಳಿ ಇದ್ದಾಗ ಬಯಲಲ್ಲಿ ನಿಂತ ಮಾಪಕಕ್ಕೆ ಬಿದ್ದದ್ದನ್ನು ಮಾತ್ರ ನಂಬಬೇಡಿ. ಹಗುರ ಸ್ನೋ ಬಾಯಿಯ ಮೇಲಿಂದಲೇ ಹಾರಿಹೋಗುತ್ತದೆ.

ಟಗ್ ಹಿಲ್ ಗಾಳಿ:

ಆಮ್ಹರ್ಸ್ಟ್‌ನ 3 ಇಂಚು ಮಾತ್ರ ಗಾಳಿಯ ಕೆಲಸವೇ.

ಎರಿ ಸರೋವರ ನೈಋತ್ಯದಿಂದ ಈಶಾನ್ಯಕ್ಕೆ ಸುಮಾರು 390 ಕಿ.ಮೀ. ಉದ್ದ, ಅದರ ಪೂರ್ವದ ತುದಿಯಲ್ಲೇ ಬಫಲೋ. ಗಾಳಿ 240–250 ಡಿಗ್ರಿಯಿಂದ, ಅಂದರೆ ನೈಋತ್ಯಕ್ಕೂ ಪಶ್ಚಿಮಕ್ಕೂ ನಡುವಿನಿಂದ, ಬೀಸಿದರೆ ಪೂರ್ತಿ ಉದ್ದಕ್ಕೂ ನೀರಿನ ಮೇಲೆ ಸಾಗಿ ಶಾಖ, ತೇವ ಎರಡನ್ನೂ ಹೀರುತ್ತದೆ. ಎರಡೂ ದಡದಿಂದ ನೆಲದ ಗಾಳಿ ಒಳಗೆ ತಳ್ಳುವುದರಿಂದ ಮೋಡವೆಲ್ಲ ಒಂದೇ ಪಟ್ಟಿಯಾಗಿ ಸೇರುತ್ತದೆ. ಅಗಲ ಹತ್ತಿಪ್ಪತ್ತು ಕಿ.ಮೀ. ಇದ್ದರೆ ಹೆಚ್ಚು. ಅದರ ನಡುವೆ ಗಂಟೆಗೆ 2–3 ಇಂಚು ಬೀಳುತ್ತಿರುತ್ತದೆ, ಅಂಚು ದಾಟಿದರೆ ಬಿಸಿಲು. 2014ರ ನವೆಂಬರ್‌ನಲ್ಲಿ ಲ್ಯಾಂಕಸ್ಟರ್ ಕಡೆ 5 ಅಡಿ ಮೀರಿ ಬಿದ್ದಾಗ ಕೆಲವೇ ಮೈಲಿ ಉತ್ತರಕ್ಕೆ ಕೆಲವೇ ಇಂಚು. 2022ರ ನವೆಂಬರ್‌ನಲ್ಲಿ ಹ್ಯಾಂಬರ್ಗ್, ಆರ್ಚರ್ಡ್ ಪಾರ್ಕ್‌ಗಳಲ್ಲಿ 80 ಇಂಚಿನ ಆಸುಪಾಸು, ಉತ್ತರದ ಊರುಗಳಲ್ಲಿ ಅದರ ಒಂದು ಪಾಲು.

ಇದು ಆಗುಂಬೆ–ಶಿವಮೊಗ್ಗ ಮಳೆಯ ಅಂತರದ ಹಾಗೇ ಅಂತ ಇಲ್ಲಿ ಯಾರೋ ಹಿಂದೊಮ್ಮೆ ಹೇಳಿದ್ದರು. ಅಲ್ಲಿ ಘಟ್ಟ ಇದ್ದಲ್ಲೇ ಇರುತ್ತದೆ, ವರ್ಷವರ್ಷವೂ ಆಗುಂಬೆಗೇ ಹೆಚ್ಚು. ಇಲ್ಲಿ ಪಟ್ಟಿ ಕದಲುತ್ತದೆ. ಗಾಳಿ ಇನ್ನೂ ಹತ್ತು ಡಿಗ್ರಿ ದಕ್ಷಿಣದ ಕಡೆಯಿಂದ ಬೀಸಿದರೆ ಪಟ್ಟಿ ನಿಮ್ಮ ಮನೆ ಮೇಲೆ ಬಂದು, ಆರ್ಚರ್ಡ್ ಪಾರ್ಕ್‌ನವರು ಆರಾಮಾಗಿ ಕಾಫಿ ಕುಡಿಯುತ್ತಾರೆ. ದಕ್ಷಿಣದ ಊರುಗಳಿಗೆ ಗುಡ್ಡದ ಏರು ಸ್ವಲ್ಪ ಹೆಚ್ಚು ಕೊಡುತ್ತದೆ ನಿಜ, ಆದರೆ ಒಂದು ವಾರದ 24 ಇಂಚಿನ ಅಂತರಕ್ಕೆ ಅದು ಕಾರಣವಲ್ಲ.

ಮುಂದಿನ ಸಲ ಮುಂಚೆಯೇ ಅಂದಾಜು ಮಾಡಬೇಕಿದ್ದರೆ ಮೂರು ಅಂಕಿ ನೋಡಿ. ಸರೋವರದ ನೀರಿಗೂ 850 ಹೆಕ್ಟೊಪಾಸ್ಕಲ್ ಮಟ್ಟದ, ಅಂದರೆ ಸುಮಾರು ಒಂದೂವರೆ ಕಿ.ಮೀ. ಮೇಲಿನ ಗಾಳಿಗೂ 13 ಡಿಗ್ರಿ ಸೆಲ್ಸಿಯಸ್ ಅಂತರ ಬೇಕು. ನೀರು 8 ಇದ್ದರೆ ಮೇಲೆ –5ಕ್ಕೆ ಇಳಿದಿರಬೇಕು. ನೆಲದಿಂದ ಆ ಎತ್ತರದವರೆಗೆ ಗಾಳಿಯ ದಿಕ್ಕು 30 ಡಿಗ್ರಿಗಿಂತ ಹೆಚ್ಚು ತಿರುಚಿದ್ದರೆ ಪಟ್ಟಿ ಹರಿದುಹೋಗುತ್ತದೆ. ಮೂರನೆಯದು ಅದೇ 850ರ ಗಾಳಿಯ ದಿಕ್ಕು, ಯಾವ ಊರು ಅಂತ ಹೇಳುವುದು ಅದು. ಎರಿ ಆಳವಿಲ್ಲದ ಸರೋವರ, ಸರಾಸರಿ 19 ಮೀಟರ್ ಅಷ್ಟೇ. ಹೆಪ್ಪುಗಟ್ಟಿತೆಂದರೆ ಅಂಗಡಿ ಮುಚ್ಚಿದಂತೆ. 244 ಮೀಟರ್‌ವರೆಗೆ ಆಳವಿರುವ ಒಂಟಾರಿಯೊ ಪೂರ್ತಿ ಹೆಪ್ಪುಗಟ್ಟುವುದು ಅಪರೂಪ, ಹಾಗಾಗಿ ಟಗ್ ಹಿಲ್‌ಗೆ ಫೆಬ್ರವರಿಯಲ್ಲೂ ಬಿಡುವಿಲ್ಲ.

ರೇಡಾರ್ ಬಗ್ಗೆ ಒಂದು ಮಾತು. ಈ ಮೋಡಗಳ ತಲೆ 3 ಕಿ.ಮೀ. ಆಚೀಚೆ. ರೇಡಾರ್‌ನ ಅತಿ ಕೆಳಗಿನ ಕಿರಣ 100 ಕಿ.ಮೀ. ದೂರಕ್ಕೆ ಹೋಗುವಾಗ ಹತ್ತಿರ ಹತ್ತಿರ ಒಂದೂವರೆ ಕಿ.ಮೀ. ಮೇಲಿರುತ್ತದೆ. ದೂರದ ಪಟ್ಟಿ ಪರದೆಯ ಮೇಲೆ ತೆಳುವಾಗಿ ಕಂಡರೆ ಅಲ್ಲಿ ಕಡಿಮೆ ಬೀಳುತ್ತಿದೆ ಅಂತ ತೀರ್ಮಾನಿಸಬೇಡಿ.

ಲುಬ್ಧಕ:

ಫೋಟೊ ವಿಷಯ. ಮೊದಲು ಆಕಾಶ ಯಾಕೆ ಬೆಳಗು ಅಂದರೆ, ಹೊಸ ಸ್ನೋ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಎಂಬತ್ತರ ಮೇಲೆ ವಾಪಸ್ ಕಳಿಸುತ್ತದೆ. ನೆಲಕ್ಕೆ ಬಿದ್ದ ಬೀದಿದೀಪದ ಬೆಳಕು ಬೇಸಿಗೆಯಲ್ಲಿ ಹುಲ್ಲಿಗೆ, ಟಾರಿಗೆ ಹೀರಿಹೋಗುತ್ತಿತ್ತು, ಈಗ ಮೇಲಕ್ಕೆ ಹೋಗುತ್ತದೆ. ಊರೊಳಗೆ ಇದಕ್ಕೆ ಮದ್ದಿಲ್ಲ. ಪೆನ್ಸಿಲ್ವೇನಿಯಾದ ಚೆರ್ರಿ ಸ್ಪ್ರಿಂಗ್ಸ್ ಸ್ಟೇಟ್ ಪಾರ್ಕ್‌ನಂಥ ಕತ್ತಲ ಜಾಗಕ್ಕೆ ಹೋದರೆ ಅದೇ ಸ್ನೋ ಉಪಕಾರಿ, ನಕ್ಷತ್ರದ ಬೆಳಕಿಗೇ ಮುಂಭಾಗ ತುಂಬಿಬರುತ್ತದೆ.

ಆದರೆ ಆಮ್ಹರ್ಸ್ಟ್‌ನಲ್ಲೇ ಒಂದು ಒಳ್ಳೇ ಫ್ರೇಮ್ ಇದೆ, ಯಾರೂ ಗಮನಿಸುವುದಿಲ್ಲ. ಪಟ್ಟಿ ದಕ್ಷಿಣದಲ್ಲಿ ನಿಂತ ರಾತ್ರಿ ಆ ಕಡೆ ತಿರುಗಿ. 3 ಕಿ.ಮೀ. ಎತ್ತರದ ಮೋಡದ ಗೋಡೆ 15 ಕಿ.ಮೀ. ದೂರದಲ್ಲಿದ್ದರೆ ದಿಗಂತದಿಂದ 11 ಡಿಗ್ರಿಯಷ್ಟೇ ಮೇಲೆ ಬರುತ್ತದೆ. ಲುಬ್ಧಕ (ಸಿರಿಯಸ್) ನಕ್ಷತ್ರ ಇಲ್ಲಿ ದಕ್ಷಿಣಕ್ಕೆ ಬಂದಾಗ 30 ಡಿಗ್ರಿ, ಮಹಾವ್ಯಾಧ (ಒರಾಯನ್) ನಕ್ಷತ್ರಪುಂಜದ ನಡುಪಟ್ಟಿ 46. ಎರಡೂ ಗೋಡೆಯ ಮೇಲೆ ಸಲೀಸಾಗಿ ಕಾಣುತ್ತವೆ, ಗೋಡೆಗೆ ಕೆಳಗಿನಿಂದ ನಗರದ ದೀಪ. ಬೆಂಗಳೂರಿನಲ್ಲಿ ಅದೇ ನಡುಪಟ್ಟಿ 76 ಡಿಗ್ರಿ, ನೆತ್ತಿಯ ಹತ್ತಿರ. ನೆಲದ ಜೊತೆ ಒಂದೇ ಫ್ರೇಮಿಗೆ ಸೇರಿಸಲು ಹೆಣಗಬೇಕು. ಡಿಸೆಂಬರ್ ನಡುವಿನಲ್ಲಿ ಮಹಾವ್ಯಾಧ ದಕ್ಷಿಣಕ್ಕೆ ಬರುವುದು ನಡುರಾತ್ರಿಗೆ, ಜನವರಿ ನಡುವಿನಲ್ಲಿ ಹತ್ತರ ಹೊತ್ತಿಗೆ.

ಇದಕ್ಕೆ ನಿಮ್ಮ 24 ಮಿ.ಮೀ. ಸರಿ. ಎಫ್ 2.8, ಐಎಸ್ಒ 1600, 6ರಿಂದ 8 ಸೆಕೆಂಡ್. ನಕ್ಷತ್ರ ಗೆರೆಯಾಗದ ಹಾಗೆ ಎಷ್ಟು ಸೆಕೆಂಡ್ ತೆಗೆಯಬಹುದು ಅಂತ ತಿಳಿಯಲು 500ನ್ನು ಫೋಕಲ್ ಲೆಂಗ್ತ್‌ನಿಂದ ಭಾಗಿಸುವ ಹಳೇ ಲೆಕ್ಕ 20 ಸೆಕೆಂಡ್ ಕೊಡುತ್ತದೆ, ಅದನ್ನು ನಂಬಬೇಡಿ. ಮಹಾವ್ಯಾಧ ಇರುವುದು ಆಕಾಶದ ವಿಷುವದ್ವೃತ್ತದ ಮೇಲೆ, ನಕ್ಷತ್ರ ಅತಿ ಬೇಗ ಸರಿಯುವ ಜಾಗ. ಇವತ್ತಿನ ಸೆನ್ಸರ್‌ನಲ್ಲಿ 10 ದಾಟಿದರೆ ಗೆರೆ ಕಾಣುತ್ತದೆ. ಉದ್ದ ಎಕ್ಸ್‌ಪೋಶರ್‌ನಲ್ಲಿ ಮೋಡದ ಅಂಚೂ ಹತ್ತಿಯಾಗುತ್ತದೆ. ವೈಟ್ ಬ್ಯಾಲೆನ್ಸ್ 3800 ಕೆಲ್ವಿನ್ ಸುತ್ತ ಇಟ್ಟು ರಾ ಫೈಲ್‌ನಲ್ಲಿ ತೆಗೆಯಿರಿ.

ಫೋಕಸ್: ಲೆನ್ಸ್ ಮೇಲಿನ ಇನ್ಫಿನಿಟಿ ಗುರುತು ಬರೀ ಅಂದಾಜು. ಕ್ಯಾಮೆರಾವನ್ನು ಹೊರಗೆ ಅರ್ಧ ಗಂಟೆ ತಣಿಯಲು ಬಿಡಿ. ಆಮೇಲೆ ಲೈವ್ ವ್ಯೂನಲ್ಲಿ 10 ಪಟ್ಟು ಹಿಗ್ಗಿಸಿ ಲುಬ್ಧಕ ಅತಿ ಚಿಕ್ಕ ಚುಕ್ಕೆಯಾಗುವವರೆಗೆ ರಿಂಗ್ ತಿರುಗಿಸಿ ಟೇಪ್ ಅಂಟಿಸಿ. ಮನೆಯೊಳಗೆ ಬೆಚ್ಚಗಿದ್ದಾಗ ಮಾಡಿದ ಫೋಕಸ್ –12 ಡಿಗ್ರಿಯಲ್ಲಿ ನಿಲ್ಲುವುದಿಲ್ಲ, ಲೋಹ ಕುಗ್ಗುತ್ತದೆ.

ಮಂಜುಪೊರೆ: ತೆರೆದ ಆಕಾಶಕ್ಕೆ ಮುಖ ಮಾಡಿದ ಗಾಜು ಶಾಖ ಕಳೆದುಕೊಂಡು ಸುತ್ತಲಿನ ಗಾಳಿಗಿಂತ ತಣ್ಣಗಾಗುತ್ತದೆ, ಅದಕ್ಕೇ ಪೊರೆ. ಬಟ್ಟೆಯಲ್ಲಿ ಉಜ್ಜಬೇಡಿ. ಯುಎಸ್‌ಬಿ ಹೀಟರ್ ಪಟ್ಟಿ, 5ರಿಂದ 10 ವ್ಯಾಟ್‌ನದು, ಲೆನ್ಸ್‌ನ ಮುಂತುದಿಗೆ ಸುತ್ತಿ ಮೊದಲ ನಿಮಿಷದಿಂದಲೇ ಹಚ್ಚಿಡಿ. ಪೊರೆ ಕಟ್ಟಿದ ಮೇಲೆ ಹಚ್ಚಿದರೆ ಬಹಳ ಹೊತ್ತು ಕಾಯಬೇಕು. ಸ್ಕ್ರೀನ್ ನೋಡಲು ಬಗ್ಗಿದಾಗ ಉಸಿರು ಲೆನ್ಸ್ ಕಡೆ ಹೋಗದಿರಲಿ.

ವಾಪಸ್ ಬರುವಾಗ ಬಾಗಿಲ ಹೊರಗೇ ಕಾರ್ಡ್, ಬ್ಯಾಟರಿ ತೆಗೆದುಕೊಂಡು, ಕ್ಯಾಮೆರಾವನ್ನು ಜಿಪ್ ಚೀಲದಲ್ಲಿ ಗಾಳಿ ಹಿಂಡಿ ಮುಚ್ಚಿ. ಒಳಗೆ ತಂದು ಎರಡು ಮೂರು ಗಂಟೆ ಬಿಚ್ಚಬೇಡಿ. ನೀರು ಚೀಲದ ಮೇಲೆ ಕೂರಲಿ, ಸೆನ್ಸರ್ ಮೇಲೆ ಬೇಡ.

ಆಮ್ಹರ್ಸ್ಟ್ ಮಾಣಿ:

ಮೂವರಿಗೂ ಧನ್ಯವಾದ. ಹಲಗೆಗೆ ಬಣ್ಣ ಆಗುತ್ತಿದೆ. ಎರಡು ಕಿರುಪ್ರಶ್ನೆ, ಲುಬ್ಧಕ ಅವರಿಗೆ: ಹೀಟರ್‌ಗೆ ಹಾಕುವ ಪವರ್ ಬ್ಯಾಂಕ್ ಚಳಿಗೆ ಸಾಯುವುದಿಲ್ಲವಾ? ಹೋದ ವಾರ ಬಡಾವಣೆಯ ದೀಪಗಳ ಮೇಲೆ ನೆಟ್ಟಗೆ ಬೆಳಕಿನ ಕಂಬಗಳು ನಿಂತಿದ್ದವು, ಅರೋರಾ ಇರಬಹುದಾ?

ಲುಬ್ಧಕ:

ಸಾಯುತ್ತದೆ. ಅದಕ್ಕೇ ಅದನ್ನು ಜಾಕೆಟ್‌ನ ಒಳಜೇಬಿನಲ್ಲಿಟ್ಟು ಒಂದೂವರೆ ಮೀಟರ್ ಕೇಬಲ್ ಮಾತ್ರ ಹೊರಗೆ ಬಿಡಿ. ಕ್ಯಾಮೆರಾದ ಎರಡನೇ ಬ್ಯಾಟರಿಯೂ ಅದೇ ಜೇಬಿನಲ್ಲಿರಲಿ. ಖಾಲಿ ಅಂತ ತೋರಿಸಿದ ಬ್ಯಾಟರಿ ಬೆಚ್ಚಗಾದರೆ ಇನ್ನಷ್ಟು ಹೊತ್ತು ಓಡುತ್ತದೆ, ಎಸೆಯಬೇಡಿ. ಕೇಬಲ್ ಸಿಕ್ಕಿಸಿಕೊಂಡೇ ನಡೆದು ಟ್ರೈಪಾಡ್ ಕೆಡವಬೇಡಿ, ಅಷ್ಟೇ.

ಕಂಬಗಳು ಅರೋರಾ ಅಲ್ಲ, ಲೈಟ್ ಪಿಲ್ಲರ್. ಗಾಳಿಯಲ್ಲಿ ಮಲಗಿದಂತೆ ತೇಲುವ ಚಪ್ಪಟೆ ಹಿಮಹರಳುಗಳು ದೀಪವನ್ನು ಪ್ರತಿಫಲಿಸುತ್ತವೆ. ಗುರುತು ಹಿಡಿಯುವುದು ಸುಲಭ: ಕಂಬ ಯಾವಾಗಲೂ ದೀಪದ ನೇರಕ್ಕೆ, ಬಣ್ಣ ಆ ದೀಪದ್ದೇ, ನೀವು ಹತ್ತು ಹೆಜ್ಜೆ ಸರಿದರೆ ಹಿಂದಿನ ನಕ್ಷತ್ರಗಳ ಎದುರು ಅದೂ ಸರಿಯುತ್ತದೆ. ಅರೋರಾ ಉತ್ತರದಲ್ಲಿ, ಊರದೀಪಕ್ಕೆ ಸಂಬಂಧವಿಲ್ಲದೆ ಅಲೆಯುತ್ತದೆ. ಪಿಲ್ಲರ್‌ಗೆ 50 ಮಿ.ಮೀ. ಲೆನ್ಸ್ ಇದ್ದರೆ ಒಳ್ಳೆಯದು, 2–4 ಸೆಕೆಂಡ್ ಸಾಕು. ದೀಪದ ಬುರುಡೆಯನ್ನು ಒಂದು ಮರದ ಹಿಂದೆ ಮರೆಮಾಡಿ ನಿಲ್ಲಿ, ಇಲ್ಲದಿದ್ದರೆ ಬುಡ ಪೂರ್ತಿ ಸುಟ್ಟುಹೋಗುತ್ತದೆ.

ಇಂಚುಪಟ್ಟಿ:

ಹಲಗೆಯ ಅಂಚುಗಳಿಗೂ ಬಣ್ಣ ಹೊಡೆಯಿರಿ ಮಾಣಿಯವರೇ. ಪ್ಲೈವುಡ್ ನೀರು ಕುಡಿಯುವುದು ಅಲ್ಲಿಂದಲೇ, ಮಾರ್ಚ್ ಹೊತ್ತಿಗೆ ಸೊಟ್ಟಗಾಗುತ್ತದೆ.