ಅಂಡಾಶಯದ ಕ್ಯಾನ್ಸರ್ ಹುಟ್ಟುವುದು ಅಂಡಾಶಯದಲ್ಲೇ?

ಪ್ರಶ್ನೆ: ನಮಸ್ಕಾರ ಡಾಕ್ಟರ್ ಮೇಡಂ. ನನಗೆ 32 ವರ್ಷ, ಇನ್ನೂ ಮಕ್ಕಳಾಗಿಲ್ಲ. ಅಮ್ಮ ಅಂಡಾಶಯದ ಕ್ಯಾನ್ಸರ್‌ನಿಂದ ತೀರಿಕೊಂಡ ಮೇಲೆ ನಾನೂ ವಂಶವಾಹಿ ಪರೀಕ್ಷೆ ಮಾಡಿಸಿಕೊಂಡೆ. ಅವರಲ್ಲಿದ್ದ ಬಿಆರ್‌ಸಿಎ1 ಎಂಬ ವಂಶವಾಹಿಯ ದೋಷ ನನ್ನಲ್ಲೂ ಇದೆಯೆಂದು ವರದಿ ಬಂದಿದೆ. ವರ್ಷಕ್ಕೊಮ್ಮೆ ಸಿಎ-125 ರಕ್ತಪರೀಕ್ಷೆ, ಸ್ಕ್ಯಾನಿಂಗ್ ಮಾಡಿಸುತ್ತಿದ್ದರೆ ಸಾಲದೇ? ಅಂಡಾಶಯ ತೆಗೆಸಲೇಬೇಕೆಂದಾದರೆ ಮಕ್ಕಳ ಆಸೆಯನ್ನು ಬಿಟ್ಟುಬಿಡಬೇಕೇ?

ಉತ್ತರ: ಅಮ್ಮನನ್ನು ಕಳೆದುಕೊಂಡ ದುಃಖದಲ್ಲೂ ನೀವು ಪರೀಕ್ಷೆ ಮಾಡಿಸಿಕೊಂಡದ್ದು ಒಳ್ಳೆಯದಾಯಿತು. ಈಗ ನಿಮ್ಮ ಕೈಯಲ್ಲಿ ಕೆಲವು ವರ್ಷಗಳ ಸಮಯವಿದೆ, ಈ ರೋಗದ ವಿಷಯದಲ್ಲಿ ಅದು ಬಹಳ ದೊಡ್ಡದು.

ಮೊದಲ ಪ್ರಶ್ನೆಗೆ ಉತ್ತರ, ಸಾಲದು. ರಕ್ತದಲ್ಲಿನ ಸಿಎ-125 ಎಂಬ ಪ್ರೋಟೀನಿನ ಮಟ್ಟ ಮುಟ್ಟಿನ ದಿನಗಳಲ್ಲಿ, ಗರ್ಭಿಣಿಯರಲ್ಲಿ, ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂತಹ ಅಂಗಾಂಶ ಅದರ ಹೊರಗೆ ಬೆಳೆಯುವ ತೊಂದರೆ) ಇರುವವರಲ್ಲಿ ಕೂಡ ಏರುತ್ತದೆ. ಆರಂಭದ ಹಂತದ ಕ್ಯಾನ್ಸರ್ ಇದ್ದಾಗ ಏರದೆಯೂ ಇರಬಹುದು. ಬ್ರಿಟನ್ನಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮಹಿಳೆಯರನ್ನು ಒಳಗೊಂಡು ನಡೆದ ಅಧ್ಯಯನದ ಅಂತಿಮ ಫಲಿತಾಂಶ 2021ರಲ್ಲಿ ಬಂದಾಗ, ಈ ರಕ್ತಪರೀಕ್ಷೆಯಾಗಲಿ ಸ್ಕ್ಯಾನಿಂಗ್ ಆಗಲಿ ಅಂಡಾಶಯದ ಕ್ಯಾನ್ಸರ್‌ನಿಂದಾಗುವ ಸಾವನ್ನು ಕಡಿಮೆ ಮಾಡಲಿಲ್ಲವೆಂದು ತಿಳಿಯಿತು. ಅವರು ಸಾಮಾನ್ಯ ಅಪಾಯವಿದ್ದ ಮಹಿಳೆಯರು, ನಿಜ. ಆದರೆ ನಿಮ್ಮಂತಹವರಲ್ಲೂ ಈ ತಪಾಸಣೆ ಜೀವ ಉಳಿಸುತ್ತದೆಂದು ಸಾಬೀತಾಗಿಲ್ಲ. ಜೀವಮಾನದಲ್ಲಿ ಈ ಕ್ಯಾನ್ಸರ್ ಬರುವ ಸಾಧ್ಯತೆ ಸಾಮಾನ್ಯ ಮಹಿಳೆಯರಲ್ಲಿ ನೂರಕ್ಕೆ ಒಂದರಷ್ಟಿದ್ದರೆ, ಬಿಆರ್‌ಸಿಎ1 ದೋಷವಿರುವವರಲ್ಲಿ ನೂರಕ್ಕೆ 40ರ ಆಸುಪಾಸಿನಲ್ಲಿದೆ.

ಸ್ಕ್ಯಾನಿಂಗ್ ಏಕೆ ಸೋಲುತ್ತದೆ ಎಂಬುದಕ್ಕೆ ನನ್ನ ದಿನನಿತ್ಯದ ಕೆಲಸದಲ್ಲೇ ಉತ್ತರವಿದೆ. ಮುನ್ನೆಚ್ಚರಿಕೆಗಾಗಿ ತೆಗೆದ ಅಂಡನಾಳಗಳು, ಅಂದರೆ ಅಂಡಾಣುವನ್ನು ಗರ್ಭಕೋಶಕ್ಕೆ ಸಾಗಿಸುವ ನಾಳಗಳು, ನಮ್ಮ ಪ್ರಯೋಗಾಲಯಕ್ಕೆ ಬರುತ್ತವೆ. ನಾಳದ ತುದಿಯಲ್ಲಿ, ಅಂಡಾಶಯದ ಪಕ್ಕಕ್ಕೆ, ಬೆರಳುಗಳಂತೆ ಹರಡಿದ ಮೃದುವಾದ ಜಾಲರಿಯಿರುತ್ತದೆ. ಅದನ್ನು ಉದ್ದಕ್ಕೆ ಸೀಳಿ, ಉಳಿದ ನಾಳವನ್ನು 2–3 ಮಿಲಿಮೀಟರ್ ಅಂತರದಲ್ಲಿ ಅಡ್ಡಕ್ಕೆ ಕತ್ತರಿಸಿ, ಯಾವ ಚೂರನ್ನೂ ಬಿಡದೆ ಸೂಕ್ಷ್ಮದರ್ಶಕದಡಿ ನೋಡುತ್ತೇವೆ. ಬರಿಗಣ್ಣಿಗೆ ಪೂರ್ತಿ ಆರೋಗ್ಯವಾಗಿ ಕಂಡ ನಾಳದಲ್ಲಿ ಕೂಡ ಕೆಲವೊಮ್ಮೆ, ಪಿ53 ಎಂಬ ಪ್ರೋಟೀನನ್ನು ತೋರಿಸುವ ಬಣ್ಣ ಹಾಕಿದಾಗ, ಒಂದೆಡೆ ಜೀವಕೋಶಗಳ ಸಾಲೊಂದು ಕಡುಕಂದಾಗಿ ಎದ್ದು ಕಾಣುತ್ತದೆ. ಅದು ಕ್ಯಾನ್ಸರಿನ ಮೊಳಕೆಯಾಗಿರಬಹುದು. ಅಷ್ಟು ಚಿಕ್ಕದನ್ನು ಯಾವ ಸ್ಕ್ಯಾನಿಂಗೂ ತೋರಿಸಲಾರದು.

ನಾಳಗಳಲ್ಲಿನ ಇಂತಹ ಬದಲಾವಣೆಗಳನ್ನು ನೆದರ್ಲೆಂಡ್ಸಿನ ಸಂಶೋಧಕರು 2001ರಲ್ಲಿ ಪ್ರಕಟಿಸಿದರು. ಅಂಡಾಶಯದ ಕ್ಯಾನ್ಸರ್ ಎಂದು ನಾವು ಕರೆಯುವ ಕಾಯಿಲೆಯ ಅತಿ ಸಾಮಾನ್ಯ ಹಾಗೂ ಅತಿ ಮಾರಕ ಬಗೆಯು ಬಹುಪಾಲು ನಾಳದ ತುದಿಯಲ್ಲಿ ಹುಟ್ಟಿ, ಅಲ್ಲಿಂದ ಉದುರಿದ ಜೀವಕೋಶಗಳ ಮೂಲಕ ಅಂಡಾಶಯಕ್ಕೂ ಹೊಟ್ಟೆಯ ಒಳಪದರಕ್ಕೂ ಹರಡುತ್ತದೆ ಎಂಬ ತಿಳಿವಳಿಕೆ ಆಮೇಲೆ ಗಟ್ಟಿಯಾಯಿತು. ಗಡ್ಡೆ ಕಾಣಿಸುವಷ್ಟು ದೊಡ್ಡದಾಗುವ ಹೊತ್ತಿಗೆ ಅದು ಆಗಲೇ ಹರಡಿರುವುದು ಇದೇ ಕಾರಣಕ್ಕೆ.

ಮಕ್ಕಳ ಆಸೆಯನ್ನು ಖಂಡಿತ ಬಿಡಬೇಕಿಲ್ಲ. ಬಿಆರ್‌ಸಿಎ1 ಇರುವವರಿಗೆ ನಾಳ ಮತ್ತು ಅಂಡಾಶಯಗಳನ್ನು ತೆಗೆಸಲು ಸಾಮಾನ್ಯವಾಗಿ ಸೂಚಿಸುವ ವಯಸ್ಸು 35ರಿಂದ 40, ಅದೂ ಹೆರಿಗೆಗಳು ಮುಗಿದ ಬಳಿಕ. ಅಷ್ಟರೊಳಗೆ ನೀವು ಸಹಜವಾಗಿ ಗರ್ಭ ಧರಿಸಬಹುದು, ಇಲ್ಲವೇ ಅಂಡಾಣು ಅಥವಾ ಭ್ರೂಣಗಳನ್ನು ಶೈತ್ಯೀಕರಿಸಿ ಇಡಿಸಬಹುದು. ಗರ್ಭಕೋಶವನ್ನು ಉಳಿಸಿಕೊಂಡರೆ ಶಸ್ತ್ರಚಿಕಿತ್ಸೆಯ ನಂತರವೂ ಆ ಭ್ರೂಣದಿಂದ ಬಸಿರಾಗಲು ಸಾಧ್ಯ. ಮಗುವಿಗೆ ಈ ದೋಷ ದಾಟುವ ಸಾಧ್ಯತೆ ಅರ್ಧಕ್ಕರ್ಧ. ಭ್ರೂಣದ ಹಂತದಲ್ಲೇ ಅದನ್ನು ಪರೀಕ್ಷಿಸಬಹುದಾದರೂ, ಪರೀಕ್ಷಿಸಬೇಕೇ ಬೇಡವೇ ಎಂಬುದು ನೀವಿಬ್ಬರೂ ಕೂತು ತೀರ್ಮಾನಿಸುವ ವಿಷಯ, ಅದರಲ್ಲಿ ವೈದ್ಯರು ಒತ್ತಾಯಿಸಬಾರದು. ಈ ದೋಷ ಸ್ತನ ಕ್ಯಾನ್ಸರಿನ ಅಪಾಯವನ್ನೂ ಹೆಚ್ಚಿಸುವುದರಿಂದ ಸ್ತನದ ತಪಾಸಣೆಯನ್ನು ಮಾತ್ರ ಮುಂದೂಡಬೇಡಿ. ಅಲ್ಲಿ ಎಂಆರ್‌ಐಯಿಂದ ನಿಜವಾದ ಉಪಯೋಗವಿದೆ.

ಪ್ರಶ್ನೆ: ತುಂಬಾ ಧನ್ಯವಾದ ಮೇಡಂ. ಹುಟ್ಟುವುದು ನಾಳದಲ್ಲಾದರೆ ನಾಳಗಳನ್ನಷ್ಟೇ ತೆಗೆಸಿ ಅಂಡಾಶಯ ಉಳಿಸಿಕೊಳ್ಳಬಹುದಲ್ಲವೇ?

ಉತ್ತರ: ನಮ್ಮ ಕ್ಷೇತ್ರ ಈಗ ಕೇಳಿಕೊಳ್ಳುತ್ತಿರುವ ಪ್ರಶ್ನೆಯನ್ನೇ ನೀವು ಕೇಳಿದ್ದೀರಿ. ಅಂಡಾಶಯವನ್ನು ಬೇಗ ತೆಗೆದರೆ ಮುಟ್ಟು ಥಟ್ಟನೆ ನಿಲ್ಲುತ್ತದೆ, ಮೂಳೆ ಸವೆಯುತ್ತದೆ, ಹೃದಯಕ್ಕೂ ಒಳ್ಳೆಯದಲ್ಲ. ಆದ್ದರಿಂದ ಮೊದಲು ನಾಳ, ಕೆಲವು ವರ್ಷಗಳ ಬಳಿಕ ಅಂಡಾಶಯ ಎಂಬ ಕ್ರಮವನ್ನು ಹಲವು ದೇಶಗಳಲ್ಲಿ ಪರೀಕ್ಷಿಸುತ್ತಿದ್ದಾರೆ. ಎರಡನ್ನೂ ಒಟ್ಟಿಗೆ ತೆಗೆಸಿದಷ್ಟೇ ರಕ್ಷಣೆ ಇದರಿಂದ ಸಿಗುತ್ತದೆಂದು ಇನ್ನೂ ಸಾಬೀತಾಗಿಲ್ಲವಾದ್ದರಿಂದ, ಅಧ್ಯಯನದ ಚೌಕಟ್ಟಿನೊಳಗೆ ಮಾಡಿಸಿಕೊಳ್ಳುವುದೇ ಉತ್ತಮ. ಎರಡೂ ನಾಳ ಹೋದ ಮೇಲೆ ಐವಿಎಫ್ ಇಲ್ಲದೆ ಗರ್ಭ ನಿಲ್ಲದು ಎಂಬುದೂ ಮನಸ್ಸಿನಲ್ಲಿರಲಿ.

ಪ್ರಶ್ನೆ (ಇನ್ನೊಬ್ಬ ಸದಸ್ಯೆ): ನನ್ನ ಪ್ಯಾಪ್ ಪರೀಕ್ಷೆ ಸರಿಯಾಗಿ ಬಂದಿದೆ. ಅಂಡಾಶಯದ ಚಿಂತೆಯೂ ಇಲ್ಲವೆಂದುಕೊಳ್ಳಲೇ?

ಉತ್ತರ: ಹಾಗಲ್ಲ ಅಮ್ಮಾ. ಪ್ಯಾಪ್ ನೋಡುವುದು ಗರ್ಭಕಂಠವನ್ನು ಮಾತ್ರ. ಅಲ್ಲಿನ ಕ್ಯಾನ್ಸರಿಗೆ ಎಚ್‌ಪಿವಿ ವೈರಸ್ ಕಾರಣ, ಲಸಿಕೆಯೂ ಇದೆ. ಅಂಡಾಶಯದ ಬಗ್ಗೆ ಆ ವರದಿ ಏನನ್ನೂ ಹೇಳುವುದಿಲ್ಲ. ಹೊಟ್ಟೆಯುಬ್ಬರ, ಸ್ವಲ್ಪ ತಿಂದರೂ ಹೊಟ್ಟೆ ತುಂಬಿದಂತಾಗುವುದು, ಪದೇಪದೇ ಮೂತ್ರಕ್ಕೆ ಹೋಗುವುದು ಹೊಸದಾಗಿ ಶುರುವಾಗಿ ವಾರಗಟ್ಟಲೆ ಉಳಿದರೆ ತೋರಿಸಿಕೊಳ್ಳಿ.

ಪ್ರಶ್ನೆ: ಕೊನೆಯದೊಂದು, ಮೇಡಂ. ಮುಂದೆ ಶಸ್ತ್ರಚಿಕಿತ್ಸೆ ಮಾಡಿಸುವಾಗ ನಾನು ಏನು ಕೇಳಿಕೊಳ್ಳಬೇಕು?

ಉತ್ತರ: ತೆಗೆದ ಅಂಗವನ್ನು ಪ್ರಯೋಗಾಲಯಕ್ಕೆ ಕಳಿಸುವ ಚೀಟಿಯಲ್ಲಿ ‘ಬಿಆರ್‌ಸಿಎ1 ದೋಷವಿದೆ, ನಾಳಗಳನ್ನು ಪೂರ್ತಿಯಾಗಿ ಪರೀಕ್ಷಿಸಿ’ ಎಂದು ಬರೆಯುವಂತೆ ಶಸ್ತ್ರಚಿಕಿತ್ಸಕರನ್ನು ಕೇಳಿ. ಆ ಒಂದು ಸಾಲು ಇಲ್ಲದಿದ್ದರೆ ನಾಳದ ಒಂದೆರಡು ಚೂರುಗಳನ್ನಷ್ಟೇ ನೋಡಿ ವರದಿ ಕೊಟ್ಟುಬಿಡುವ ಸಂಭವವಿದೆ, ಆ ಕಡುಕಂದು ಸಾಲು ನೋಡದೆ ಉಳಿದ ಚೂರಿನಲ್ಲಿರಬಹುದು.