ರಾಯಚೂರು ಕದನದ ಗೊಂಬೆಗಳು: ಪ್ರೈಮರ್ ತರಿತರಿಯಾಗುತ್ತಿದೆ, ಮೈಬಣ್ಣ ಹೊಂದುತ್ತಿಲ್ಲ

ಪ್ರಶ್ನೆ (ರಾಯಚೂರಿನಿಂದ)

ಎಲ್ಲರಿಗೂ ನಮಸ್ಕಾರ. 1520ರಲ್ಲಿ ಕೃಷ್ಣದೇವರಾಯನಿಗೂ ಬಿಜಾಪುರದ ಇಸ್ಮಾಯಿಲ್ ಆದಿಲ್‌ಶಾಹನಿಗೂ ನಡೆದ ರಾಯಚೂರು ಕದನವನ್ನು ಮೇಜಿನ ಮೇಲೆ ಆಡುವ ಸಲುವಾಗಿ ನಾನು ಮತ್ತು ನನ್ನ ಗೆಳೆಯರು 28 ಮಿ.ಮೀ. ಅಳತೆಯ ರೆಸಿನ್ ಗೊಂಬೆಗಳಿಂದ ಎರಡು ಪಡೆಗಳನ್ನು ಕಟ್ಟುತ್ತಿದ್ದೇವೆ. ಆ ಕದನ ನಡೆದ ಸೀಮೆಯಲ್ಲಿಯೇ ಕುಳಿತು ಈ ಕೆಲಸ ಮಾಡುತ್ತಿರುವುದರಿಂದ ಬಣ್ಣಗಾರಿಕೆ ಅಚ್ಚುಕಟ್ಟಾಗಿರಬೇಕೆಂಬ ಆಸೆ ನಮ್ಮದು. ಆದರೆ ಬಣ್ಣಕ್ಕೆ ಮುನ್ನ ಅಡಿಪದರವಾಗಿ ಹೊಡೆಯುವ ಸ್ಪ್ರೇ ಪ್ರೈಮರ್ ಗೊಂಬೆಯ ಮೇಲೆ ಉಸುಕು ಚೆಲ್ಲಿದಂತೆ ತರಿತರಿಯಾಗಿ ಕೂರುತ್ತಿದೆ. ಅಕ್ರಿಲಿಕ್ ಬಣ್ಣವಂತೂ ತಟ್ಟೆಗೆ ಹಾಕಿ ಕುಂಚ ಅದ್ದುವಷ್ಟರಲ್ಲಿ ಗಟ್ಟಿಯಾಗುತ್ತದೆ. ಇದಲ್ಲದೆ, ಚರ್ಮದ ಬಣ್ಣವೆಂದು ಮಾರುವ ಬಾಟಲಿಗಳಲ್ಲಿ ಹೆಚ್ಚಿನವು ಯುರೋಪಿನವರ ಮೈಗೆ ಹೊಂದುವಂಥವು. ನಮ್ಮ ಕಾಲಾಳುಗಳ ಮುಖ ನಮ್ಮವರ ಮುಖದಂತೆಯೇ ಕಾಣಬೇಕಾದರೆ ಏನು ಮಾಡಬೇಕೆಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ (ಬಳ್ಳಾರಿಯಿಂದ)

ಪ್ರೈಮರ್ ತರಿಯಾಗುವುದಕ್ಕೆ ನಮ್ಮ ಭಾಗದ ಬಿಸಿಲೇ ಕಾರಣವಿರಬೇಕು. ಒಣ ಬಿಸಿಗಾಳಿಯಲ್ಲಿ ಬಣ್ಣದ ಹನಿಗಳು ಗೊಂಬೆಯನ್ನು ಮುಟ್ಟುವ ಮೊದಲೇ ಅರ್ಧ ಒಣಗಿ, ಪುಡಿಯಂತೆ ಬಂದು ಅಂಟಿಕೊಳ್ಳುತ್ತವೆ. ಬೆಳಗಿನ ಜಾವ, ಗಾಳಿ ಬೀಸದ ನೆರಳಿನಲ್ಲಿ, 20ರಿಂದ 25 ಸೆಂ.ಮೀ. ದೂರದಿಂದ ಚಿಕ್ಕ ಚಿಕ್ಕ ಬೀಸುಗಳಲ್ಲಿ ಹೊಡೆಯಿರಿ. ಡಬ್ಬಿಯನ್ನು ಬಿಸಿಲಿನಲ್ಲಿ ಇಡಲೇಬೇಡಿ. ಬೇಸಿಗೆಯಲ್ಲಿ ನಾನು ಸ್ಪ್ರೇ ಬಿಟ್ಟು ಕುಂಚದಿಂದ ಹಚ್ಚುವ ಪ್ರೈಮರನ್ನೇ ಬಳಸುತ್ತೇನೆ. ಹೊತ್ತು ಹೆಚ್ಚು ಹಿಡಿದರೂ ಮೈ ನುಣುಪಾಗಿ ಬರುತ್ತದೆ. ಪ್ರೈಮರ್ ಹಚ್ಚುವ ಮುನ್ನ ಗೊಂಬೆಯನ್ನು ಸಾಬೂನು ನೀರಿನಲ್ಲಿ ತೊಳೆದು ಚೆನ್ನಾಗಿ ಒಣಗಿಸಿರಬೇಕು. ರೆಸಿನ್ ಉಜ್ಜುವುದಿದ್ದರೆ ನೀರು ತಾಗಿಸಿಕೊಂಡು, ಮೂಗಿಗೆ ಮಾಸ್ಕ್ ಹಾಕಿಕೊಂಡೇ ಉಜ್ಜಿ, ಏಕೆಂದರೆ ಆ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ತಟ್ಟೆಯಲ್ಲಿ ಬಣ್ಣ ಒಣಗದಿರಲು ಒಂದು ಅಗಲವಾದ ಮುಚ್ಚಳದ ಡಬ್ಬಿಯಲ್ಲಿ ತೆಳುವಾದ ಸ್ಪಂಜು ಹಾಸಿ, ಅದು ನೆನೆಯುವಷ್ಟು ನೀರು ಹಾಕಿ, ಮೇಲೆ ಬೇಕಿಂಗ್ ಪೇಪರ್ ಹೊದಿಸಿ ಅದರ ಮೇಲೆ ಬಣ್ಣ ಕಲೆಸಿಕೊಳ್ಳಿ. ಮೇಣ ಸವರಿದ ಕಾಗದ ಬೇಡ, ಅದು ನೀರನ್ನು ಮೇಲಕ್ಕೆ ಬಿಡುವುದಿಲ್ಲ. ಬೋರ್‌ವೆಲ್ಲಿನ ಗಡಸು ನೀರು ಒಣಗಿದ ಮೇಲೆ ಬಿಳಿ ಕಲೆ ಉಳಿಸುವುದರಿಂದ ಬಣ್ಣ ತೆಳುಮಾಡಲು ಕುಡಿಯುವ ಫಿಲ್ಟರ್ ನೀರನ್ನೇ ಬಳಸಿ. ಕೆಲಸ ಮಾಡುವಾಗ ಸೀಲಿಂಗ್ ಫ್ಯಾನ್ ಆರಿಸುವುದು ಕಷ್ಟವೇ, ಆದರೂ ಆರಿಸಬೇಕು.

ಉತ್ತರ (ಕೊಪ್ಪಳದಿಂದ)

ಬಳ್ಳಾರಿಯ ಮಿತ್ರರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ನಮ್ಮ ಕಿನ್ನಾಳದ ಚಿತ್ರಗಾರರು ಹಗುರವಾದ ಮರದ ಗೊಂಬೆಗೆ ನೇರವಾಗಿ ಬಣ್ಣ ಬಳಿಯುವುದಿಲ್ಲ. ಗೋಣಿನಾರು, ಮರದ ಹೊಟ್ಟು, ಹುಣಸೆಬೀಜದ ಅಂಟು ಸೇರಿಸಿ ಮಾಡಿದ ಕಿಟ್ಟವನ್ನು ಮೈಗೆಲ್ಲ ಮೆತ್ತಿ, ಬಟ್ಟೆಯ ಚೂರುಗಳನ್ನು ಅಂಟಿಸಿ, ಅದರ ಮೇಲೆ ಕಲ್ಲಿನ ಪುಡಿಯ ಲೇಪ ಕೊಟ್ಟ ಬಳಿಕವೇ ಬಣ್ಣದ ಸರದಿ ಬರುತ್ತದೆ. ಬೆರಳುದ್ದದ ರೆಸಿನ್ ಸೈನಿಕನಿಗೂ ಅಡಿಪಾಯದ ಮೇಲೆ ಅಷ್ಟೇ ನಿಷ್ಠೆ ಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಆದ್ದರಿಂದ ತರಿಯಾಗಿರುವ ಗೊಂಬೆಗಳ ಮೇಲೆ ಬಣ್ಣ ಮುಂದುವರಿಸದೆ, ಮೊದಲು ಒಂದರ ಮೇಲೆ ಪರೀಕ್ಷಿಸಿ, ಐಸೊಪ್ರೊಪೈಲ್ ಆಲ್ಕೊಹಾಲ್ ಹಾಗೂ ಮೆತ್ತನೆಯ ಹಲ್ಲುಜ್ಜುವ ಬ್ರಶ್ಶಿನಿಂದ ಪ್ರೈಮರ್ ತೆಗೆಯಿರಿ. ಬಹಳ ಹೊತ್ತು ನೆನೆಸಿದರೆ ರೆಸಿನ್ ಮೆತ್ತಗಾಗುವ ಭಯವಿದೆ.

ಮೈಬಣ್ಣಕ್ಕೆ ಬಾಟಲಿಯನ್ನು ಹುಡುಕಬೇಡಿ, ನೀವೇ ಕಲೆಸಿಕೊಳ್ಳಿ. ಗಾಢ ಕಂದು ಬಣ್ಣಕ್ಕೆ ತುಸು ಕಾವಿ ಸೇರಿಸಿ ಮೊದಲ ಪದರ ಕೊಡಿ. ಕಣ್ಣಿನ ಗುಳಿ, ಮೂಗಿನ ಬದಿ, ಮೀಸೆಯ ಕೆಳಗಿನ ನೆರಳಿಗೆ ಕಪ್ಪನ್ನು ಬಳಸಿದರೆ ಮುಖಕ್ಕೆ ಮಸಿ ಮೆತ್ತಿದಂತಾಗುತ್ತದೆ. ಅದರ ಬದಲು ಕಂದಿಗೆ ಸ್ವಲ್ಪ ನೀಲಿಯನ್ನೋ ಮರೂನನ್ನೋ ಬೆರೆಸಿ ತೆಳ್ಳಗೆ ಹರಿಯಬಿಡಿ. ಬೆಳಕು ಬೀಳುವ ಹಣೆ, ಕೆನ್ನೆಯ ಮೂಳೆ, ಮೂಗಿನ ತುದಿಗೆ ಬಿಳಿ ಬೆರೆಸಿದರೆ ಬೂದಿ ಬಳಿದಂತೆ ಕಾಣುತ್ತದೆ, ಹಾಗಾಗಿ ಮೂಲ ಬಣ್ಣಕ್ಕೆ ಹಳದಿ ಮಣ್ಣಿನ ಬಣ್ಣವನ್ನು ಹಂತಹಂತವಾಗಿ ಸೇರಿಸುತ್ತ ಹೋಗಿ. ತುಟಿ ಮತ್ತು ಬೆರಳ ಗೆಣ್ಣಿಗೆ ಒಂದಿಷ್ಟು ಕೆಂಪು ತಾಕಿಸಿದರೆ ಮುಖಕ್ಕೆ ಜೀವ ಬರುತ್ತದೆ. ಎಲ್ಲರಿಗೂ ಒಂದೇ ಬಣ್ಣ ಹಚ್ಚದೆ, ಒಂದೇ ಸಾಲಿನಲ್ಲಿ ಎಣ್ಣೆಗಪ್ಪಿನವರೂ ಗೋಧಿಬಣ್ಣದವರೂ ಇರಲಿ.

ಪ್ರಶ್ನೆ ಕೇಳಿದವರು (ರಾಯಚೂರಿನಿಂದ)

ಇಬ್ಬರಿಗೂ ತುಂಬು ಹೃದಯದ ಧನ್ಯವಾದಗಳು. ಉಡುಪಿನ ಬಣ್ಣಕ್ಕೆ ಆಧಾರವೇನಾದರೂ ಇದೆಯೇ?

ಉತ್ತರ (ಗಂಗಾವತಿಯಿಂದ)

ಇದೆ. ಅದೇ ಕಾಲದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಪೇಸ್, ಮಹಾನವಮಿಯ ಸೇನಾ ಮೆರವಣಿಗೆಯಲ್ಲಿ ಕಂಡ ರೇಷ್ಮೆ, ಮಖಮಲ್ಲಿನ ಹೊಲಿದ ದಪ್ಪ ಅಂಗಿಗಳನ್ನೂ ಚಿನ್ನ ಬೆಳ್ಳಿಯ ಅಲಂಕಾರದ ಗುರಾಣಿಗಳನ್ನೂ ವರ್ಣಿಸಿದ್ದಾನೆ. ಆದರೆ ಅದು ಹಬ್ಬದ ವೇಷವೆಂಬುದು ನೆನಪಿರಲಿ. ಲೇಪಾಕ್ಷಿಯ ಭಿತ್ತಿಚಿತ್ರಗಳಲ್ಲಿ ಎತ್ತರದ ಕುಲಾವಿಗಳೂ ನೆರಿಗೆಯ ಬಟ್ಟೆಗಳೂ ಕಾವಿ, ಹಳದಿ, ಬಿಳಿ, ಕಪ್ಪು, ಹಸಿರುಗಳಲ್ಲಿ ಕಾಣಸಿಗುತ್ತವೆ. ಕುದುರೆಯ ಜೀನು, ಆನೆಯ ಸಜ್ಜುಗಳಿಗೆ ಹಂಪಿಯ ಹಜಾರರಾಮ ದೇವಾಲಯದ ಪ್ರಾಕಾರದ ಹೊರಗೋಡೆಯ ಸಾಲುಗಳೇ ಸಾಕು. ಇಳಿಬಿಸಿಲಿನಲ್ಲಿ ಹೋದರೆ ಲಗಾಮಿನ ಪಟ್ಟಿಗಳೂ ಸ್ಪಷ್ಟವಾಗಿ ಕಾಣುತ್ತವೆ. ರಾಯಚೂರು ಕೋಟೆಯ ಮುತ್ತಿಗೆಯಲ್ಲಿ ರಾಯನಿಗೆ ನೆರವಾದ ಪೋರ್ಚುಗೀಸ್ ಕ್ರಿಸ್ತೋವಾವೊ ದ ಫಿಗೇರೆದೊನ ಬಂದೂಕುಧಾರಿಗಳನ್ನೂ ಸೇರಿಸುವುದಾದರೆ, ಅವರ ಮುಖಕ್ಕೆ ನಿಮ್ಮಲ್ಲಿರುವ ಆ ಬಾಟಲಿಗಳನ್ನೇ ಬಳಸಬಹುದು.