ಪದಚರ್ಚೆ: ‘ಬ್ರೇಕ್ ಆಫ್ ಗೇಜ್’ಗೆ ಕನ್ನಡದಲ್ಲಿ ಏನನ್ನಬೇಕು? (ತುರ್ತು)

ಎಲ್ಲರಿಗೂ ನಮಸ್ಕಾರ,

ಮೈಸೂರು ಸಂಸ್ಥಾನದ ರೈಲಿನ ಬಗ್ಗೆ ಒಂದು ಪ್ರದರ್ಶನಕ್ಕೆ ಫಲಕ ಬರೆಯುತ್ತಿದ್ದೇನೆ, ನಾಳೆ ಸಂಜೆ ಪ್ರಿಂಟಿಗೆ ಹೋಗಬೇಕು. ಗೇಜು ಅಂದರೆ ಎರಡು ಹಳಿಗಳ ನಡುವಿನ ಅಗಲ. 1864ರಲ್ಲಿ ಮದ್ರಾಸ್ ರೈಲ್ವೆಯ ಬ್ರಾಡ್ ಗೇಜು ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ ಬಂತು. 1876–78ರ ಬರಗಾಲದಲ್ಲಿ ಪರಿಹಾರ ಕಾಮಗಾರಿಯಾಗಿ ಎದ್ದ ಮೈಸೂರು ಲೈನು ಅದಕ್ಕಿಂತ ಕಿರಿದಾದ ಮೀಟರ್ ಗೇಜು. ಹಾಗಾಗಿ ಬೆಂಗಳೂರಲ್ಲಿ ಒಂದು ವ್ಯಾಗನ್ನಿನ ಮೂಟೆ ಇಳಿಸಿ ಇನ್ನೊಂದಕ್ಕೆ ಹೇರಬೇಕಿತ್ತು. ಇದಕ್ಕೆ ಏನನ್ನಲಿ? ‘ಮಾಪನ ಭಂಗ’ ಅಂತ ಒಬ್ಬರು ಸೂಚಿಸಿದರು. ತಪೋಭಂಗ ಅಂದ ಹಾಗಿದೆ.

(ಮರು)
‘ಹಳಿಯಗಲ ಮಾರ್ಪು’. ಮೂರೂ ನಮ್ಮ ನುಡಿಯವೇ. ಸಂಸ್ಕ್ರುತದ ‘ಬಂಗ’ ಬೇಡ, ಪರಬಾಶೆಯ ‘ಗೇಜು’ ಬೇಡವೇ ಬೇಡ.

(ಮರು)
ಮಾರ್ಪು ಅಂದರೆ ಗೇಜ್ ಪರಿವರ್ತನೆ. ಮೈಸೂರು ಲೈನಿಗೆ ಅದು ಆದದ್ದು 1990ರ ದಶಕದಲ್ಲಿ. ಕೇಳಿದ್ದು ಅದಲ್ಲ: ಎರಡು ಅಗಲದ ಹಳಿಗಳು ಒಂದು ಕಡೆ ಸೇರುತ್ತವೆ, ಗಾಡಿ ಅಲ್ಲಿಂದಾಚೆ ಹೋಗಲಾರದು. ಮೊದಲು ವಿಷಯ ತಿಳಿದು ಆಮೇಲೆ ಪದ ಕಟ್ಟಿ. ಅಂದಹಾಗೆ ಹಳೆಯ ಮಾತು ‘ಹಳಿ’ಯಲ್ಲ, ‘ರೈಲು ಕಂಬಿ’. ತಮಿಳಲ್ಲೂ ಕಂಬಿ ಇದೆ. ದ್ರಾವಿಡ ಮೂಲ ಬೇಕೆನ್ನುವವರು ಅಲ್ಲಿಂದ ಶುರುಮಾಡಲಿ.

(ಮರು, ಧಾರವಾಡದಿಂದ)
ಕಂಬಿ ಅಂದ್ರ ನಮ್ಮ ಕಡೆ ಕಿಡಕಿಗೆ ಹಾಕೋದ್ರೀ ಸರ. ಸದರ್ನ್ ಮರಾಠಾ ರೈಲ್ವೆದ ಮುಖ್ಯ ಕಚೇರಿ ಇಲ್ಲೇ ಇತ್ತು, 1886ರಿಂದ ನಿಮ್ಮ ಮೈಸೂರ ಲೈನೂ ಅವರ ಕೈಯಾಗ. ಗುಂತಕಲ್ಲಿಗೆ ಹೋದ್ರ ಮದ್ರಾಸಿನವರ ಬ್ರಾಡ್ ಗೇಜು, ಅಲ್ಲೂ ಇದ ಹಣೇಬರಹ. ಸುಮ್ನ ‘ಇಲ್ಲಿ ಗೇಜು ಬದಲು’ ಅಂತ ಬರೀರಿ, ಓದಾಂವಗ ತಿಳೀತದ.

(ಮರು)
ಹಾಗಾದರೆ ‘ಮೀಟರ್’ ಕೂಡ ಕನ್ನಡವೇ? ನಾಳೆ ‘ಟ್ರ್ಯಾಕು’, ನಾಡಿದ್ದು ‘ಟ್ರೇನು’. ಹಿಂದಿಯವರು ಗೇಜಿಗೆ ‘ಆಮಾನ್’ ಅಂತ ತಂದುಕೊಂಡಿಲ್ಲವೇ?

(ಮರು)
ತಂದುಕೊಂಡಿದ್ದಾರೆ, ಕಡತದಲ್ಲಿ. ಪ್ಲಾಟ್‌ಫಾರ್ಮಿನಲ್ಲಿ ನಿಂತವನ ಬಾಯಲ್ಲಿ ಅದು ಬರುತ್ತದೆಯೇ? ನಿಮ್ಮ ಬರಹದಲ್ಲಿ ಮಹಾಪ್ರಾಣ ಹೋಗಿ ಬಹಳ ಕಾಲವಾಯಿತು, ಗೇಜನ್ನಾದರೂ ಬಿಡಿ.

(ಮರು, ಪ್ರಶ್ನೆ ಕೇಳಿದವಳಿಂದ)
ಸರ್, ದಯವಿಟ್ಟು ಇಲ್ಲಿಗೆ ಸಾಕು. ‘ಗೇಜು ಬದಲಾಗುವ ಕಡೆ’ ಅಂತ ಶೀರ್ಷಿಕೆ ಹಾಕಿ, ಕೆಳಗೆ 1676 ಮತ್ತು 1000 ಮಿ.ಮೀ. ಅಂತ ಎರಡೂ ಅಳತೆ ಕೊಡುತ್ತೇನೆ. ಬಂಗಾರಪೇಟೆಯಿಂದ ಕೋಲಾರಕ್ಕೆ ಹೋಗುತ್ತಿದ್ದ ಎರಡೂವರೆ ಅಡಿಯ ಪುಟ್ಟ ಲೈನಿನ ಫಲಕಕ್ಕೂ ಅದೇ ನಡೆಯುತ್ತೆ. ಧಾರವಾಡದವರಿಗೆ ಥ್ಯಾಂಕ್ಸ್. ಇನ್ನೊಂದೇ ಒಂದು: ಹಳಿಯ ಕೆಳಗೆ ಅಡ್ಡಲಾಗಿ ಹಾಕುವ ‘ಸ್ಲೀಪರ್’ಗೆ ಏನು?

(ಮರು)
‘ಅಡ್ಡಮರ’.

(ಮರು)
ಬೀಡು ಕಬ್ಬಿಣದ ಸ್ಲೀಪರೂ ಅಡ್ಡಮರವೇ?